ಬೋರ್ಡಿಗೆ ಜೀವ ಬಂದಿಲ್ಲ ಎಂದ ತಮ್ಮನಿಗೆ

ಐಂಡ್‌ಹೋವನ್, ನೆದರ್ಲೆಂಡ್ಸ್

ಚಿರಂಜೀವಿ ಪ್ರಸನ್ನನಿಗೆ ಅಕ್ಕನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ ತಿಳಿಸು.

ಟ್ಯಾಂಕಿನ ನೀರಿನ ಮಟ್ಟ ನೋಡಿ ಮೋಟಾರ್ ನಿಲ್ಲಿಸುವ ಬೋರ್ಡಿನ ಫೋಟೋಗಳು ಬಂದವು. ಅಡಾಪ್ಟರ್ ಹಾಕಿದರೆ ಎಲ್‌ಇಡಿ ಕೂಡ ಹೊತ್ತುತ್ತಿಲ್ಲ, ಎಲ್ಲಾ ಬೆಸುಗೆ ಜಾಯಿಂಟ್‌ಗಳನ್ನೂ ಮತ್ತೊಮ್ಮೆ ಕಾಯಿಸಿಬಿಡಲಾ ಎಂದು ಕೇಳಿದ್ದೀಯ. ದಯವಿಟ್ಟು ಬೇಡ. ತಪ್ಪು ಎಲ್ಲಿದೆ ಎಂದು ತಿಳಿಯುವ ಮೊದಲೇ ಎಲ್ಲವನ್ನೂ ಕಾಯಿಸಿದರೆ ಬೋರ್ಡಿನ ತಾಮ್ರದ ಉಂಗುರಗಳು ಎದ್ದು ಬರುತ್ತವೆ, ಒಂದು ತಪ್ಪಿದ್ದಲ್ಲಿ ನಾಲ್ಕಾಗುತ್ತದೆ. ಬೆಸುಗೆಯ ಐರನ್ ಪಕ್ಕಕ್ಕಿಟ್ಟು ಮೀಟರ್ ತಗೋ. ಕರೆಂಟು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹುಡುಕು. ಆ ಒಂದು ಜಾಗಕ್ಕೆ ಮಾತ್ರ ಐರನ್ ಮುಟ್ಟಿಸು.

ಮೊದಲಿಗೆ, ಮೋಟಾರಿಗೆ ಸ್ವಿಚ್ಚಾಗಿರುವ ರಿಲೇಯ 230 ವೋಲ್ಟ್ ಕಡೆಯ ತಂತಿಗಳನ್ನು ಪೂರ್ತಿ ಬಿಚ್ಚಿಡು. 5 ವೋಲ್ಟ್ ಸರಿಯಾಗಿ ಬರುವವರೆಗೆ ಮೋಟಾರಿನ ಲೈನು ಆ ಮೇಜಿನ ಹತ್ತಿರವೂ ಬರಬಾರದು. ಆಮೇಲೂ ಆ ಸಣ್ಣ ರಿಲೇ ನೇರವಾಗಿ ಮೋಟಾರನ್ನು ಎಳೆಯುವುದು ಬೇಡ, ಅದು ಕಾಂಟ್ಯಾಕ್ಟರ್ (ಮೋಟಾರಿನ ಭಾರ ತಡೆಯುವ ದೊಡ್ಡ ಸ್ವಿಚ್) ಕಾಯಿಲನ್ನು ಮಾತ್ರ ಎಳೆಯಲಿ. ಬೋರ್ಡಿನ ಮಿದುಳಾದ ಎಟಿಮೆಗಾ328ಪಿ ಐಸಿಯನ್ನೂ ಸಾಕೆಟ್ಟಿನಿಂದ ತೆಗೆದು ಪಕ್ಕಕ್ಕಿಡು. ಇದಕ್ಕೊಂದು ಗಟ್ಟಿ ಕಾರಣ ಇದೆ. ಅಡಾಪ್ಟರಿನ 12 ವೋಲ್ಟನ್ನು 5ಕ್ಕೆ ಇಳಿಸುವ 7805ರ ಗ್ರೌಂಡ್ ಕಾಲು ಬೆಸುಗೆ ಹಿಡಿಯದೆ ಬಿಟ್ಟುಹೋಗಿದ್ದರೆ ಅದರ ಔಟ್‌ಪುಟ್ 5 ವೋಲ್ಟಿನಲ್ಲಿ ನಿಲ್ಲುವುದಿಲ್ಲ, ಇನ್‌ಪುಟ್ಟಿನ ಹತ್ತಿರಕ್ಕೇ ಏರುತ್ತದೆ. ಐಸಿ ಕೂತಿದ್ದರೆ ಅಲ್ಲಿಗೆ ಮುಗಿಯಿತು.

ಈಗ ಅಡಾಪ್ಟರ್ ಹಾಕದೆಯೇ ಮೀಟರನ್ನು ಓಮ್‌ಗೆ ತಿರುಗಿಸಿ 5 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ ಅಳೆ. ಬೀಪ್ ಶಬ್ದವನ್ನೇ ನಂಬಬೇಡ: ಎಷ್ಟೋ ಮೀಟರ್‌ಗಳು 30-40 ಓಮ್ ಇದ್ದರೂ ಕೂಗುತ್ತವೆ, ಕೆಪಾಸಿಟರ್ ಚಾರ್ಜ್ ಆಗುವಾಗಲೂ ಒಂದು ಕ್ಷಣ ಕೂಗುತ್ತವೆ. ಅಂಕಿ ನೋಡು. ಕಡಿಮೆಯಿಂದ ಶುರುವಾಗಿ ಮೆಲ್ಲಗೆ ಏರುತ್ತಾ ಹೋದರೆ ಅದು ಕೆಪಾಸಿಟರ್, ಚಿಂತೆ ಇಲ್ಲ. ಐದೋ ಹತ್ತೋ ಓಮ್‌ನಲ್ಲಿ ಅಲ್ಲಾಡದೆ ಕೂತರೆ ಶಾರ್ಟ್. 7805ರ ಇನ್‌ಪುಟ್ ಕಾಲಿನಲ್ಲೂ ಹೀಗೇ ನೋಡು. ಶಾರ್ಟ್ ಸಿಕ್ಕರೆ, 7805ರಿಂದ ಮುಂದಕ್ಕೆ ಹೋಗುವ ಜಂಪರ್ ತಂತಿಯ ಒಂದು ತುದಿ ಬಿಚ್ಚಿ ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಅಳೆ. ಶಾರ್ಟ್ ಇರುವ ಭಾಗವನ್ನು ಮತ್ತೆ ಅರ್ಧ ಮಾಡು. ಬೋರ್ಡನ್ನು ಬೆಳಕಿಗೆ ಹಿಡಿದರೆ ಎರಡು ಚುಕ್ಕೆಗಳ ನಡುವೆ ಹರಿದ ಸೀಸವೋ, ಕತ್ತರಿಸಿ ಬಿದ್ದ ಕಾಲಿನ ಚೂರೋ ಕಾಣುತ್ತದೆ. ಚುಕ್ಕೆಗಳ ಮಧ್ಯೆ ಬ್ಲೇಡ್ ಎಳೆದರೆ ಸಾಕಾಗುವುದೇ ಹೆಚ್ಚು.

ಶಾರ್ಟ್ ಇಲ್ಲದಿದ್ದರೂ ಅಡಾಪ್ಟರನ್ನು ನೇರವಾಗಿ ಕೊಡಬೇಡ. ಬೈಕ್ ಇಂಡಿಕೇಟರಿನ 12 ವೋಲ್ಟ್ 10 ವ್ಯಾಟ್ ಬಲ್ಬನ್ನು ಅಡಾಪ್ಟರಿನ ಪ್ಲಸ್ ತಂತಿಗೆ ಸರಣಿಯಲ್ಲಿ ಹಾಕು. ಬೋರ್ಡ್ ಸರಿಯಿದ್ದರೆ ಬಲ್ಬ್ ಹೊತ್ತುವುದೇ ಇಲ್ಲ, ಏಕೆಂದರೆ ಈ ಬೋರ್ಡ್ ಎಳೆಯುವುದು ಕೆಲವೇ ಮಿಲಿಆಂಪ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಬೋರ್ಡನ್ನು ಉಳಿಸುತ್ತದೆ. ಹತ್ತಾರು ರೂಪಾಯಿಯ ಈ ಬಲ್ಬ್ ನಿನ್ನ ಮೇಜಿನ ಮೇಲೆ ಯಾವಾಗಲೂ ಇರಲಿ.

ಇನ್ನು ವೋಲ್ಟೇಜ್. ಮೀಟರಿನ ಕೆಂಪು ಕಡ್ಡಿ 10 ಆಂಪ್ ತೂತಿನಲ್ಲಿ ಉಳಿದಿಲ್ಲ ಎಂದು ನೋಡಿಕೋ, ಅಲ್ಲೇ ಇಟ್ಟು ವೋಲ್ಟೇಜ್ ಅಳೆದರೆ ಮೀಟರೇ ಶಾರ್ಟ್ ಆಗುತ್ತದೆ. ಕಪ್ಪು ಕಡ್ಡಿಯನ್ನು ಅಡಾಪ್ಟರಿನ ಮೈನಸ್ಸಿಗೆ ಹಿಡಿದು ಕೆಂಪು ಕಡ್ಡಿಯನ್ನು ಹಂತಹಂತವಾಗಿ ಮುಂದಕ್ಕೆ ಒಯ್ಯು. ಅಡಾಪ್ಟರಿನ ಪ್ಲಗ್ ಕೂರುವ ಜಾಕಿನ ನಡುಪಿನ್ನಿನಲ್ಲಿ 12. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ದಾಟಿದ ಮೇಲೆ 11.3ರ ಆಸುಪಾಸು (ಆ 1ಎನ್4007 ಡಯೋಡಿನ ಬೆಳ್ಳಿ ಪಟ್ಟಿ 7805ರ ಕಡೆಗಿರಬೇಕು). 7805ರ ಇನ್‌ಪುಟ್ಟಿನಲ್ಲೂ ಅಷ್ಟೇ. ಔಟ್‌ಪುಟ್ಟಿನಲ್ಲಿ 4.8ರಿಂದ 5.2ರ ಒಳಗೆ. ಎಲ್ಲಿ ಅಂಕಿ ಸತ್ತಿತೋ ಅದಕ್ಕೂ ಅದರ ಹಿಂದಿನ ಬಿಂದುವಿಗೂ ನಡುವೆ ತಪ್ಪಿದೆ.

ನಿನ್ನ ಫೋಟೋ ನೋಡಿದರೆ ನನ್ನ ಮೊದಲ ಅನುಮಾನ ಜಾಕಿನ ಮೇಲೆ. ಅದಕ್ಕೆ ಮೂರು ಕಾಲು. ಒಂದು ನಡುಪಿನ್, ಒಂದು ಹೊರಸುತ್ತು, ಮೂರನೆಯದು ಸ್ವಿಚ್. ಪ್ಲಗ್ ಹಾಕದಿರುವಾಗ ಸ್ವಿಚ್ ಕಾಲು ಹೊರಸುತ್ತಿನ ಜೊತೆ ಸೇರಿಕೊಂಡಿರುತ್ತದೆ, ಪ್ಲಗ್ ಒಳಗೆ ಹೋದೊಡನೆ ಬಿಟ್ಟುಕೊಳ್ಳುತ್ತದೆ. ಗ್ರೌಂಡ್ ತಂತಿಯನ್ನು ಆ ಕಾಲಿಗೆ ಬೆಸೆದಿದ್ದರೆ ಖಾಲಿ ಜಾಕಿನಲ್ಲಿ ಕಂಟಿನ್ಯುಟಿ (ಸಂಪರ್ಕ) ಚೆನ್ನಾಗಿ ಬರುತ್ತದೆ, ಅಡಾಪ್ಟರ್ ಹಾಕಿದಾಗ ಮಾತ್ರ ಏನೂ ಇಲ್ಲ. ಪ್ಲಗ್ ಒಳಗಿಟ್ಟೇ ಪರೀಕ್ಷಿಸು, ಆದರೆ ಅಡಾಪ್ಟರ್ ಗೋಡೆಯಿಂದ ಕಿತ್ತಿರಲಿ. ಆ ಕಾಲುಗಳು ದಪ್ಪ, ಶಾಖವನ್ನೆಲ್ಲಾ ಎಳೆದುಕೊಳ್ಳುತ್ತವೆ, 25 ವ್ಯಾಟ್ ಐರನ್ನಿಗೆ ಹೆಚ್ಚು ಹೊತ್ತು ಬೇಕು. ಅರೆಬೆಂದ ಜಾಯಿಂಟ್ ಹೆಚ್ಚಾಗಿ ಆಗುವುದು ಅಲ್ಲೇ. ಪ್ಲಗ್ 2.5 ಮಿಲಿಮೀಟರಿನದಾಗಿದ್ದು ಜಾಕ್ 2.1ರದಾಗಿದ್ದರೂ ಸಡಿಲ ಸಂಪರ್ಕ.

ಎರಡನೆಯ ಅನುಮಾನ ಕನ್ನಡಿ ತಪ್ಪು. 7805ರ ಅಕ್ಷರ ನಿನ್ನ ಕಡೆಗಿದ್ದರೆ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಆದರೆ ನೀನು ಬೆಸೆಯುವುದು ಬೋರ್ಡಿನ ಕೆಳಗಿನಿಂದ, ಅಲ್ಲಿ ಎಡ ಬಲವಾಗಿರುತ್ತದೆ. ಐಸಿಗೂ ಅದೇ. ಮೇಲಿನಿಂದ ನೋಡಿದಂತೆಯೇ ಕೆಳಗೂ ಎಣಿಸಿದರೆ 7 ಎಂದು ನೀನು ಹಿಡಿದ ಕಾಲು ನಿಜವಾಗಿ 22. ಏಳು ಪ್ಲಸ್, ಇಪ್ಪತ್ತೆರಡು ಗ್ರೌಂಡ್! ಸಾಕೆಟ್ಟಿನ 1ನೇ ಕಾಲಿನ ಪಕ್ಕ ಕೆಳಗಡೆ ಮಾರ್ಕರಿನಿಂದ ಚುಕ್ಕೆ ಇಟ್ಟುಕೊಂಡು ಮತ್ತೆ ಎಣಿಸು. 7 ಮತ್ತು 20ಕ್ಕೆ 5 ವೋಲ್ಟ್, 8 ಮತ್ತು 22ಕ್ಕೆ ಗ್ರೌಂಡ್. ಅನಲಾಗ್ ಪಿನ್ ಬಳಸದಿದ್ದರೂ 20ನ್ನು ಬಿಡುವಂತಿಲ್ಲ.

ಎಲ್‌ಇಡಿ ಹೊತ್ತಲಿಲ್ಲ ಎಂದ ಮಾತ್ರಕ್ಕೆ ಕರೆಂಟು ಇಲ್ಲ ಎಂದುಕೊಳ್ಳಬೇಡ, ಅದನ್ನೇ ಉಲ್ಟಾ ಹಾಕಿರಬಹುದು. ಚಪ್ಪಟೆ ಅಂಚು ಗ್ರೌಂಡ್ ಕಡೆಗಿರಬೇಕು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಪಟ್ಟಿಯೂ ಗ್ರೌಂಡ್ ಕಡೆಗೇ. ಅದು ಉಲ್ಟಾ ಇದ್ದರೆ ಬಿಸಿಯಾಗಿ ಸಿಡಿಯುತ್ತದೆ, ಮುಖ ಹತ್ತಿರ ತರಬೇಡ.

7805 ಮುಟ್ಟಲಾರದಷ್ಟು ಬಿಸಿಯಾಗಿ ಔಟ್‌ಪುಟ್ ಒಂದೆರಡು ವೋಲ್ಟಿಗೆ ಇಳಿದರೆ ಮುಂದೆ ಎಲ್ಲೋ ಶಾರ್ಟ್ ಇದೆ. ಇನ್‌ಪುಟ್ 7 ವೋಲ್ಟಿಗಿಂತ ಕೆಳಗಿದ್ದರೂ 5 ಬರುವುದಿಲ್ಲ. ಇನ್‌ಪುಟ್ಟಿಗೆ 0.33, ಔಟ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು ಅದರ ಕಾಲುಗಳಿಗೆ ಅಂಟಿಕೊಂಡಂತೆ ಇರಲಿ. 104 ಎಂದು ಬರೆದಿರುವುದೇ 0.1.

ಜಾಯಿಂಟ್ ನೋಡುವಾಗ ಇಲ್ಲಿನ ಬೋರ್ಡ್‌ಗಳ ಫೋಟೋ ಜೊತೆ ಹೋಲಿಸಬೇಡ. ಯುರೋಪಿನಲ್ಲಿ 2006ರ ಜುಲೈಯಿಂದ ಬಹುತೇಕ ಸರಕಿಗೆ ಸೀಸವಿಲ್ಲದ ಸೋಲ್ಡರೇ, ಅದು ಸಹಜವಾಗಿಯೇ ಮಂಕಾಗಿರುತ್ತದೆ. ನಿನ್ನ ಕೈಯಲ್ಲಿರುವುದು ತವರ-ಸೀಸದ 60/40 ಸೋಲ್ಡರ್, ಅದು ಹೊಳೆಯಬೇಕು, ಕಾಲಿನ ಸುತ್ತ ಇಳಿಜಾರಾಗಿ ಹರಡಿರಬೇಕು. ಉಂಡೆ ಕಟ್ಟಿದ್ದರೆ, ಕಾಲಿನ ಸುತ್ತ ಕೂದಲೆಳೆಯ ಬಿರುಕು ಕಂಡರೆ, ಅದನ್ನು ಮಾತ್ರ ಫ್ಲಕ್ಸ್ ಹಚ್ಚಿ ಕಾಯಿಸು. ಐರನ್ ಕಾಲಿಗೂ ಉಂಗುರಕ್ಕೂ ಒಟ್ಟಿಗೆ ತಾಗಲಿ, ಎರಡು ಮೂರು ಸೆಕೆಂಡಾದ ಮೇಲೆ ಸೋಲ್ಡರ್ ಕೊಡು. ಫ್ಲಕ್ಸ್ ರಾಳದ್ದಾಗಿರಲಿ, ಪೈಪ್ ಕೆಲಸದ ಆಮ್ಲದ ಪೇಸ್ಟ್ ತಾಮ್ರವನ್ನು ತಿನ್ನುತ್ತದೆ.

5 ವೋಲ್ಟ್ ಸ್ಥಿರವಾಗಿ ಬಂದ ಮೇಲೆ ಅಡಾಪ್ಟರ್ ಕಿತ್ತು ಐಸಿ ಕೂರಿಸು. ಮತ್ತೆ ಅಳೆಯುವಾಗ ಸಾಕೆಟ್ಟಿನ ಬೆಸುಗೆಯಲ್ಲಲ್ಲ, ಐಸಿಯ ಕಾಲಿನ ಮೇಲೇ ಕಡ್ಡಿ ಇಡು. ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದರೆ ಆಗ ಮಾತ್ರ ಗೊತ್ತಾಗುತ್ತದೆ. ಅಡಾಪ್ಟರ್ ಮೈನಸ್ಸಿನಿಂದ 8ನೇ ಕಾಲಿಗೆ ಅಳೆದರೆ ಸೊನ್ನೆ ಬರಬೇಕು. ಅಲ್ಲಿ ಒಂದೆರಡು ವೋಲ್ಟ್ ಕಂಡರೆ ಗ್ರೌಂಡ್ ದಾರಿ ಕಡಿದಿದೆ. 1ನೇ ಕಾಲಿನಲ್ಲೂ 5 ವೋಲ್ಟ್ ಇರಬೇಕು, ಇಲ್ಲದಿದ್ದರೆ ಅದಕ್ಕೆ 5 ವೋಲ್ಟ್ ಒಯ್ಯುವ 10 ಕಿಲೋಓಮ್ ರೆಸಿಸ್ಟರ್ (ಕಂದು, ಕಪ್ಪು, ಕಿತ್ತಳೆ) ನೋಡು. ಹೊಚ್ಚಹೊಸ ಐಸಿಯಲ್ಲಿ ಪ್ರೋಗ್ರಾಂ ಇರುವುದಿಲ್ಲ, ಅದು ಸುಮ್ಮನಿದ್ದರೆ ಬೋರ್ಡಿನ ತಪ್ಪಲ್ಲ.

ರಿಲೇ ಕಾಯಿಲಿಗೆ ಅಡ್ಡ ಹಾಕಿದ ಡಯೋಡಿನ ಪಟ್ಟಿ 12 ವೋಲ್ಟ್ ಕಡೆಗಿರಲಿ. ಉಲ್ಟಾ ಆದರೆ ರಿಲೇ ಎಳೆಯುವ ಹೊತ್ತಿಗೆ 12 ವೋಲ್ಟ್ ಪೂರ್ತಿ ರಿಲೇಯನ್ನು ನಡೆಸುವ BC547 ಟ್ರಾನ್ಸಿಸ್ಟರಿನ ಮೇಲೆ ಬಿದ್ದು ಅದು ಸುಟ್ಟುಹೋಗುತ್ತದೆ.

ಜಾಕ್, ಡಯೋಡಿನ ಆಚೆ, 7805ರ ಮೂರೂ ಕಾಲು, ಐಸಿ ಸಾಕೆಟ್ಟಿನ 7, 8, 20, 22: ಈ ಕ್ರಮದಲ್ಲೇ ಅಂಕಿಗಳನ್ನು ಬರೆದು ಕಳಿಸು, ಬೋರ್ಡಿನ ಕೆಳಭಾಗದ ಸ್ಪಷ್ಟ ಫೋಟೋ ಜೊತೆಗಿರಲಿ. ಭಾನುವಾರ ಫೋನ್ ಮಾಡುತ್ತೇನೆ, ಮೀಟರ್ ಹತ್ತಿರ ಇಟ್ಟುಕೊಂಡಿರು.

ಇಂತಿ ನಿನ್ನ ಅಕ್ಕ