ನಾಲ್ಕೇ ಮನೆ ಅಂತ ಪಟ್ಟಿಯಿಂದ ಬಿಡಬೇಡಿ

ಮಾನ್ಯ ಸಂಪಾದಕರೇ,

ಮುಂಗಾರಿಗೆ ಮೊದಲು ನಡೆದ ಸಭೆಯೊಂದಕ್ಕೆ ಕಳೆದ ವಾರ ಹೋಗಿದ್ದೆ. ಗುಡ್ಡ ಕುಸಿಯುವ ಭಯ ಇರುವ ಊರುಗಳ ಪಟ್ಟಿಯನ್ನು ಅಧಿಕಾರಿಗಳು ಓದಿದರು. ಅದರಲ್ಲಿ ನಮ್ಮ ಊರು ಇರಲಿಲ್ಲ. ಕೇಳಿದ್ದಕ್ಕೆ, ‘ನಿಮ್ಮದು ನಾಲ್ಕೇ ಮನೆ ಅಲ್ವಾ ಮೇಡಂ, ಜನ ಜಾಸ್ತಿ ಇರೋ ಕಡೆ ಮೊದಲು’ ಎಂದರು. ಮನೆಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ್ತಿ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವುದು ನಮ್ಮ ಮನೆಯ ರೂಢಿ. ಈಗ ನಾನು ಬರೆಯುತ್ತೇನೆ, ಮೊದಲು ಮಾವ ಬರೆಯುತ್ತಿದ್ದರು. 2019ರ ಆಗಸ್ಟ್ 9ರ ಸಾಲಿನಲ್ಲಿ ಅಂಕಿ ಇಲ್ಲ. ‘ತುಂಬಿ ಹೊರಗೆ ಹರಿದಿದೆ’ ಎಂದಷ್ಟೇ ಮಾವನ ಅಕ್ಷರ ಇದೆ. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಕೊಚ್ಚಿಹೋಗಿದ್ದು ಆ ದಿನಗಳಲ್ಲೇ. ಚಾರ್ಮಾಡಿ ಘಾಟಿಯೂ ಬಂದ್ ಆಗಿತ್ತು.

ನಮ್ಮ ಮನೆ ಹಿಂದಿನ ಧರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಅವತ್ತು ಹೊಸದಾಗಿ ಜಲ ಒಡೆದು ನೀರು ಬಂತು. ಮೊದಲು ತಿಳಿ ನೀರು, ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರು. ಮೇಲಿನ ಸಿಲ್ವರ್ ಮರಗಳು ವಾಲಿದ್ದವು. ಮಾವ ಒಂದೇ ಮಾತು ಹೇಳಿದರು, ‘ಒಲೆ ಆರಿಸಿ, ಹೊರಡಿ.’ ಕತ್ತಲಾಗುವ ಮೊದಲೇ ಹಳ್ಳದ ಸಂಕ (ಕಾಲುಸೇತುವೆ) ದಾಟಿದೆವು. ಮೂರನೇ ದಿನ ವಾಪಸ್ ಬಂದಾಗ ಕೆಲಸದವರ ಲೈನ್ ಮನೆಯ (ಸಾಲು ಮನೆಯ) ಹಿಂದಿನ ಗೋಡೆ ಮಣ್ಣಿನ ಕೆಳಗಿತ್ತು. ಸಂಕವೂ ಇರಲಿಲ್ಲ.

ಜನ ಕಡಿಮೆ ಇದ್ದರೆ ಅಪಾಯ ಕಡಿಮೆ ಎನ್ನುವ ಲೆಕ್ಕ ನನಗೆ ಸರಿ ಕಾಣುವುದಿಲ್ಲ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 158 ಜನ. ರಾಜ್ಯದಲ್ಲಿ 319. ಜನ ವಿರಳ ಎಂದರೆ ಆಸ್ಪತ್ರೆ ದೂರ, ರಸ್ತೆ ಒಂದೇ, ಕರೆದರೆ ಓಡಿ ಬರುವವರೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಅದೇ ಗುಡ್ಡ ಪೇಟೆಯ ಹತ್ತಿರ ಕುಸಿಯುವುದಕ್ಕೂ ನಮ್ಮಲ್ಲಿ ಕುಸಿಯುವುದಕ್ಕೂ ವ್ಯತ್ಯಾಸ ಇಲ್ವಾ?

ಆ ‘ನಾಲ್ಕೇ ಮನೆ’ಯ ಲೆಕ್ಕವೂ ಪೂರ್ತಿ ಅಲ್ಲ. ಸುತ್ತಲಿನ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕೆಲಸದವರು ಮಕ್ಕಳು ಮರಿಗಳ ಜೊತೆ ಇದ್ದಾರೆ. ಇಲ್ಲಿನ ಮತದಾರರ ಪಟ್ಟಿಯಲ್ಲಿ ಅವರಿಲ್ಲ. ಧರೆ ಕಡಿದು ಸಮ ಮಾಡಿದ ಜಾಗದಲ್ಲೇ ಹೆಚ್ಚಿನ ಲೈನುಗಳು ನಿಂತಿವೆ. ಎಚ್ಚರಿಕೆ ಕನ್ನಡದಲ್ಲಿ ಬಂದರೆ ಅವರಿಗೆ ಹೇಳುವವರು ಯಾರು?

ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕುಸಿತ ನಕ್ಷೆಗಳು 1:50,000 ಅಳತೆಯವು. ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಅವು ಬೇಕು, ಉಪಯೋಗವೂ ಇದೆ. ಆದರೆ ನಮ್ಮ ಮನೆ ಹಿಂದಿನ ಧರೆ ಅದರಲ್ಲಿ ಹೇಗೆ ಕಾಣಬೇಕು? ಪಂಚಾಯಿತಿಗೊಂದು ಮಳೆ ಮಾಪನ ಯಂತ್ರ ಇಟ್ಟಿದ್ದಾರೆ. ಮಲೆನಾಡಿನ ಒಂದು ಪಂಚಾಯಿತಿಯಲ್ಲಿ ಎಷ್ಟು ಗುಡ್ಡ, ಎಷ್ಟು ಕಣಿವೆ! ಗುಡ್ಡದ ಆಚೆ ಬಿದ್ದಷ್ಟು ಮಳೆ ಈಚೆ ಬೀಳುವುದಿಲ್ಲ. ನಮ್ಮ ಪುಸ್ತಕವನ್ನೂ ಆಚೆ ತೋಟದವರ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾರಿಗೂ ತಿಳಿಯುತ್ತದೆ.

ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲೆಯ ಯೋಜನೆಯನ್ನು ಪ್ರತಿ ವರ್ಷ ಪರಿಶೀಲಿಸಿ ಸರಿಪಡಿಸಬೇಕು. ಹಾಗೆ ಸರಿಪಡಿಸುವಾಗ ತೋಟಗಳ ಮಳೆ ಪುಸ್ತಕಗಳನ್ನು ತರಿಸಿಕೊಳ್ಳಲಿ. ಜಲ ಎಲ್ಲಿ ಒಡೆದಿತ್ತು, ಯಾವ ಮರ ವಾಲಿದೆ, ಜೆಸಿಬಿ ಎಲ್ಲಿ ಧರೆ ಕಡಿದಿದೆ ಎಂದು ಊರಿನ ಹಿರಿಯರನ್ನು ಕರೆದುಕೊಂಡು ನಡೆದು ನೋಡಲಿ. ಲೈನ್ ಮನೆಯ ತಲೆಗಳನ್ನೂ ಎಣಿಸಲಿ. ಸಂಕ ಹೋದರೆ ಯಾರು ಯಾರು ಒಳಗೆ ಉಳಿಯುತ್ತಾರೆ ಎಂದು ಬರೆದುಕೊಳ್ಳಲಿ.

ಮಾವನ ಪುಸ್ತಕಗಳನ್ನು ಕೊಡಲು ನಾನು ತಯಾರಿದ್ದೇನೆ. ನೋಡಲು ಬರುವವರು ಜೂನ್ ಮೊದಲ ವಾರದೊಳಗೆ ಬನ್ನಿ. ಆಮೇಲೆ ಹಳ್ಳ ದಾಟುವುದು ಕಷ್ಟ.

– ಸಣ್ಣ ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು