ಐವತ್ತೆರಡರಾಗ ಇಪ್ಪತ್ತೇಳು ಹೋದರೆ

ಯವ್ವಾ,

ಸೋಮವಾರ ರಾತ್ರಿ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಶಾಲೆಯಲ್ಲಿ ಪಾಠ ಮಾಡಲು ಆಗುತ್ತಿಲ್ಲ ಎಂದು ನೀನು ಅತ್ತಾಗ "ಆಗಲಿಕ್ಕಿಲ್ಲಂದ್ರ ಬಿಟ್ಟು ಬಾ" ಎಂದದ್ದು ನನ್ನ ತಪ್ಪು. ಸಣ್ಣ ತರಗತಿಗಳ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಎಡ್ ಬದಲು ಬಿ.ಎಡ್ ಮಾಡಬೇಕಿತ್ತು ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ಒಂದರಿಂದ ಐದನೇ ತರಗತಿಯ ಶಿಕ್ಷಕರಿಗೆ ಬಿ.ಎಡ್ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲೇ ಹೇಳಿದೆ. ಸಣ್ಣ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ ಎಂದು ನೀನು ವಾದಿಸಿದ್ದು ಖರೆ.

ನೀ ಕಳಿಸಿದ ಪಾಟಿಯ ಫೋಟೊಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕನೇ ತರಗತಿಯ 24 ಮಕ್ಕಳು, 52ರಲ್ಲಿ 27 ಕಳೆಯಿರಿ ಎಂದರೆ 15 ಮಂದಿ 35 ಬರೆದಿದ್ದಾರೆ. ನಿನ್ನ ಪಾಠ ನೋಡಲು ಬಂದವರು "ಮಕ್ಕಳ ಮಟ್ಟ ಕಡಿಮೆ" ಎಂದು ಷರಾ ಬರೆದು ಹೋದರಂತೆ. ಮಟ್ಟದ ಮಾತು ಬಿಡು. ಆ 35 ಎಲ್ಲಿಂದ ಬಂತು ನೋಡು.

ಅದಕ್ಕೆ ಎರಡು ದಾರಿ ಇವೆ. ಒಂದು ಮಗು ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ತಿರುಗಿಸಿ 7ರಲ್ಲಿ 2 ಕಳೆಯುತ್ತದೆ, 5. ಹತ್ತರ ಸ್ಥಾನದಲ್ಲಿ 3. ಇನ್ನೊಂದು ಮಗು ಹತ್ತು ತಂದು 12ರಲ್ಲಿ 7 ಸರಿಯಾಗಿ ಕಳೆಯುತ್ತದೆ, 5. ಆದರೆ ಮೇಲಿನ 5ನ್ನು 4 ಮಾಡಲು ಮರೆಯುತ್ತದೆ, 3. ಎರಡೂ 35. ಮೊದಲನೆಯದಕ್ಕೆ ಲೆಕ್ಕದ ಅರ್ಥವೇ ಆಗಿಲ್ಲ, ಎರಡನೆಯದು ಮುಕ್ಕಾಲು ದಾರಿ ಬಂದಿದೆ. ಇಬ್ಬರಿಗೂ ಅದೇ ಕೆಂಪು ಗೆರೆ ಎಳೆದರೆ ಅನ್ಯಾಯ. ನಾಳೆ 52ರಲ್ಲಿ 28 ಕೊಡು. ತಿರುಗಿಸಿ ಕಳೆದವರು 36 ಬರೆಯುತ್ತಾರೆ, ಮರೆತವರು 34, ಸರಿ ಮಾಡಿದವರು 24. ಯಾರಿಗೆ ಏನು ಬೇಕು ಎಂದು ಪಾಟಿಯೇ ಹೇಳುತ್ತದೆ.

ತಿರುಗಿಸುವುದನ್ನು ಮಕ್ಕಳು ತಾವಾಗಿ ಕಲಿತದ್ದಲ್ಲ. "ದೊಡ್ಡದರಾಗ ಸಣ್ಣದು ಕಳೀರಿ" ಎಂದು ಒಂದನೇ ತರಗತಿಯಿಂದ ಹೇಳುತ್ತ ಬಂದಿದ್ದೇವೆ, ಅವು ಹೇಳಿದ್ದನ್ನೇ ಮಾಡಿವೆ. ಆ ಮಾತು ನಿನ್ನ ಬಾಯಲ್ಲಿ ಬರದಿರಲಿ. "ಪಕ್ಕದ ಮನೆಯಿಂದ ಸಾಲ ತಾ" ಎನ್ನುವುದೂ ಬೇಡ, ಸಾಲ ಎಂದರೆ ತಿರುಗಿ ಕೊಡಬೇಕಲ್ಲ. "ಒಂದು ಕಟ್ಟು ಬಿಚ್ಚು" ಅನ್ನು, ಸಾಕು.

ಹತ್ತು ಹತ್ತರ ಕಟ್ಟು ಮಾಡಲು ಕಸಬರಿಗೆ ಕಡ್ಡಿಯೇ ಆಗಬೇಕು, ನಾಲ್ಕು ಬೆರಳುದ್ದ. ತೊಗರಿ ಕಟ್ಟಿಗೆ ಪುಕ್ಕಟೆ ಸಿಗುತ್ತದೆ, ಆದರೆ ದಪ್ಪ, ಹತ್ತು ಸೇರಿದರೆ ಮಗುವಿನ ಮುಷ್ಟಿಗೆ ಹಿಡಿಯದು. ಇಬ್ಬರಿಗೆ 52ರಂತೆ 12 ಜೋಡಿಗೆ 624 ಕಡ್ಡಿ. ದಾರದ ಗಂಟು ಬಿಚ್ಚುವುದರಲ್ಲೇ ಪಿರಿಯಡ್ ಮುಗಿಯುತ್ತದೆ, ರಬ್ಬರ್ ಬ್ಯಾಂಡ್ ಹಾಕು. ಹಿಂದಿನ ದಿನವೇ ಮಕ್ಕಳೇ ಎಣಿಸಿ ಕಟ್ಟಲಿ. ನೀನು ಕಟ್ಟಿಕೊಟ್ಟರೆ ಒಳಗೆ ಹತ್ತಿವೆ ಎಂದು ಅವು ನಂಬುವುದಿಲ್ಲ, ಬಿಚ್ಚಿದಾಗಲೆಲ್ಲ ಒಂದರಿಂದ ಎಣಿಸುತ್ತವೆ. ಐದು ಕಟ್ಟು, ಎರಡು ಬಿಡಿ. ಒಂದು ಕಟ್ಟು ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಇಲ್ಲಿ ನಿಲ್ಲು. ಆಗಲೇ, ಕಡ್ಡಿ ಕೈಯಲ್ಲಿರುವಾಗಲೇ, ಪಾಟಿಯಲ್ಲಿ 5 ಹೊಡೆದು 4 ಬರೆಸು, 2ರ ಮೇಲೆ 12 ಬರೆಸು. ಕಡ್ಡಿ ಒಂದು ದಿನ, ಪಾಟಿ ಇನ್ನೊಂದು ದಿನ ಮಾಡಿದರೆ ಎರಡೂ ಬೇರೆ ಬೇರೆ ಆಟ ಅಂದುಕೊಳ್ಳುತ್ತವೆ.

ನನ್ನ ಅಂಜಿಕೆ ಒಂದೇ, ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಬಾಯೇ ಬಿಡದ ತಾಂಡಾದ ಹುಡುಗಿ ಎಂದೆಯಲ್ಲ, ಅವಳ ಪಾಟಿಯಲ್ಲೂ 35 ಇದೆ. ಆದರೆ ಹತ್ತು ತಂದದ್ದಕ್ಕೆ ಮೇಲೊಂದು ಪುಟ್ಟ 1 ಬರೆದು ಒರೆಸಿದ ಗುರುತು ಕಾಣುತ್ತದೆ. ಅವಳು ಮುಕ್ಕಾಲು ದಾರಿ ಬಂದವಳು. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ "ಹೆಂಗ ಮಾಡಿದಿ?" ಎಂದರೆ ಉತ್ತರ ಗೊತ್ತಿದ್ದೂ ಕನ್ನಡದ ಮಾತು ಸಿಗುವುದಿಲ್ಲ. ಸುಮ್ಮನಿದ್ದದ್ದಕ್ಕೆ ದಡ್ಡಿ ಎಂದು ಬರೆದುಬಿಡುತ್ತೇವೆ. ಅವಳ ಕೈಗೆ ಕಡ್ಡಿ ಕೊಡು, ಮಾಡಿ ತೋರಿಸಲಿ. ಲಂಬಾಣಿಯಲ್ಲೇ ಎಣಿಸಲಿ. ನೀನು ಕಲಿತುಕೊ, ಹತ್ತರ ತನಕವಾದರೂ. ಇದನ್ನು ಮುಂದಕ್ಕೆ ಹಾಕಬೇಡ ಯವ್ವಾ, ಐದನೆಯದಕ್ಕೆ ಹೋದರೆ ಭಾಗಾಕಾರದಲ್ಲಿ ಹೆಜ್ಜೆಹೆಜ್ಜೆಗೂ ಈ ಕಳೆಯುವುದೇ ಬರುತ್ತದೆ. ನೋಡು, ಮತ್ತೆ ಉಪದೇಶಕ್ಕೆ ಹತ್ತಿದೆ.

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಮೊದಲ ಪತ್ರಿಕೆಯ 150 ಅಂಕದಲ್ಲಿ ಗಣಿತಕ್ಕೆ 30, ಅದರಲ್ಲಿ ಬೋಧನೆಯ ಪ್ರಶ್ನೆಗಳೂ ಬರುತ್ತವೆ. ಆ ಚಿಂತೆ ಈಗ ಬೇಡ. ಅಳುತ್ತಲೇ 24 ಪಾಟಿಗಳ ಫೋಟೊ ತೆಗೆದಿದ್ದೀಯಲ್ಲ, ಅದು ನನಗೆ ಹೆಮ್ಮೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಿಗೆ ನೀರಿನ ಬಾಟಲಿ ಮರೆಯಬೇಡ.

ಶನಿವಾರದ ಬಸ್ಸಿಗೆ ನಿಮ್ಮವ್ವ ಕಡ್ಡಿಯ ಕಟ್ಟು, ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕಳಿಸುತ್ತಾಳೆ. 36 ಎಷ್ಟು, 34 ಎಷ್ಟು, 24 ಎಷ್ಟು ಬಂದವು, ಬರೆದು ಕಳಿಸು. ಆ ಹುಡುಗಿಯದು ಬೇರೆ ಬರೆ.

ನಿನ್ನ ಅಪ್ಪ