ವ್ಯಸನಮುಕ್ತಿ ವಾರ್ಡಿಗೂ ಅಭ್ಯಂಗ (ಎಣ್ಣೆ ಮಸಾಜ್) ಬರಲಿ

ಮಾನ್ಯರೇ,

ನಮ್ಮಣ್ಣ ಕುಡಿತ ಬಿಟ್ಟ ಮೊದಲ ವಾರ ಕಾಫಿ ಲೋಟ ಹಿಡಿದರೂ ಕೈ ನಡುಗುತ್ತಿತ್ತು. ರಾತ್ರಿಯಿಡೀ ನಿದ್ದೆಯಿಲ್ಲ, ಮೈಯೆಲ್ಲ ಬೆವರು. ಆಸ್ಪತ್ರೆಯಲ್ಲಿ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ಅದು ಬೇಕೇ ಬೇಕು. ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 2-3 ದಿನ ಫಿಟ್ಸ್ ಬರುವ ಅಪಾಯವಿದೆ. ಅದನ್ನು ಮಸಾಜ್ ತಡೆಯುವುದಿಲ್ಲ. ಆದರೆ ನಡುಕ ಇಳಿದ ಮೇಲೆ, ಡಾಕ್ಟರನ್ನು ಕೇಳಿಕೊಂಡು, ಅಮ್ಮ ದಿನಾ ಸಂಜೆ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಬೆನ್ನು, ಅಂಗಾಲು ತಿಕ್ಕುತ್ತಿದ್ದರು. ನಾಲ್ಕನೇ ಸಂಜೆ ಅಣ್ಣ ಚಾಪೆಯ ಮೇಲೆ ಹಾಗೇ ನಿದ್ದೆಹೋದ. ವರ್ಷಗಟ್ಟಲೆ ಬೈಗುಳವನ್ನೇ ಕೇಳಿದವನಿಗೆ ಯಾರಾದರೂ ಪ್ರೀತಿಯಿಂದ ಮೈ ಮುಟ್ಟುವುದೂ ದೊಡ್ಡದೇ ಅಲ್ವಾ? ಹಲವು ಸರ್ಕಾರಿ ಆಯುಷ್ ಆಸ್ಪತ್ರೆಗಳಲ್ಲಿ ಅಭ್ಯಂಗ ಮಾಡುವವರಿದ್ದಾರೆ. ವಾರಕ್ಕೆ ಎರಡು ದಿನ ಅವರನ್ನು ವ್ಯಸನಮುಕ್ತಿ ವಾರ್ಡಿಗೂ ಕಳಿಸಲಿ.

– ಓದುಗರೊಬ್ಬರು, ಹಾಸನ